ಬಂಗುಡೆ ಎಂದರೆ ಬಲಗಡೆ

ಈಗ ಕಾಪುವಿನಲ್ಲಿ ನಾನು ಯಾರ ಮನೆಗೆ ಮೀನು ಕೊಡಲು ಹೋದರೂ ಮೊದಲು ಈ ಕತೆ, ಆಮೇಲೆ ಮೀನು. ಎರಡು ಮೂರು ಸಲ ಕೇಳಿದವರು ನನ್ನನ್ನು ಗೇಟಿನಲ್ಲಿ ಕಂಡ ಕೂಡಲೇ ಪಾತ್ರೆ ಚಾಚಿ, ಮೀನು ಹಾಕಿಸಿಕೊಂಡು, ಬಾಗಿಲು ಮುಚ್ಚಿಬಿಡುತ್ತಾರೆ. ನಾನು ಕಿಟಕಿಯ ಹತ್ತಿರ ಹೋಗಿ ಉಳಿದದ್ದನ್ನು ಹೇಳಿ ಮುಗಿಸುತ್ತೇನೆ. ಬರೆದಿಟ್ಟರೆ ಕಿಟಕಿಯೂ ಬೇಡವಲ್ಲ ಎಂದು ಈಗ ಬರೆಯಲು ಕೂತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನ ತನಕ. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಹೊಗಳಿಕೆ ಹೆಚ್ಚಾಯಿತೆಂದು ಅವಳು ಹೊಡೆದುಹಾಕಿದ್ದನ್ನು ನಾನು ಪುನಃ ಬರೆಯುತ್ತೇನೆ.

ಹೊಗಳಬೇಕಾದವಳೂ ಅವಳೇ. ನನ್ನ ಮೊಮ್ಮಗಳು ಮಣಿಪಾಲದ ಒಂದು ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. ಪೀಪಿ ಊದುವುದು, ಓಡಿಸುವುದು, ಬೈಯುವುದು, ಆಮೇಲೆ ಅವರ ಜೊತೆ ಕೂತು ಐಸ್‌ಕ್ರೀಂ ತಿನ್ನುವುದು, ಎಲ್ಲ ಅವಳದ್ದೇ. ಮೊದಲ ಸಲ ಅವಳು ಆ ಆಟ ತೋರಿಸಿದಾಗ ನಾನು ಮೇಲೆ ನೋಡಿ ನಕ್ಕಿದ್ದೆ. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಇದೆಂತ ಬುಟ್ಟಿ ಮಗಾ? ತಳವೇ ಇಲ್ಲ!"

"ತಳ ಇದ್ದರೆ ಚೆಂಡು ಒಳಗೇ ಕೂರ್ತದಲ್ಲ ಅಜ್ಜಿ."

"ಕೂರಲಿಕ್ಕೇ ಅಲ್ವಾ ಬುಟ್ಟಿ ಇರುದು? ಇಷ್ಟು ಜನ ಬೆವರು ಸುರಿಸಿ ತುಂಬಿಸುದು, ಅದು ಕೆಳಗೆ ಬೀಳುದು. ಈ ಬುಟ್ಟಿ ಹೊತ್ತು ನಾನು ಮೀನು ಮಾರಿದ್ದರೆ ನಿನ್ನ ಅಮ್ಮ ಉಪವಾಸ ಬೀಳ್ತಿದ್ದಳು."

ಅವಳು ಬಿದ್ದು ಬಿದ್ದು ನಕ್ಕಳು. ಆ ನಗುವೂ ನನ್ನದೇ, ಸ್ವರವೂ ನನ್ನದೇ. ನನ್ನ ಮಗಳ ಸ್ವರ ಅಡುಗೆಮನೆಯಿಂದ ಜಗಲಿಗೆ ಕೇಳುವುದಿಲ್ಲ. ನನ್ನದು ಒಂದು ತಲೆಮಾರು ಹಾರಿ ಮೊಮ್ಮಗಳಿಗೆ ಬಂದಿದೆ. ಸಣ್ಣವಳಿರುವಾಗ ನಮ್ಮ ಗೇಟಿನಲ್ಲಿ ನಿಂತು ನನ್ನ ಹಾಗೆಯೇ "ಬಂಗುಡೇ...!" ಎಂದು ಎಳೆದು ಕೂಗುತ್ತಿದ್ದಳು. ಆಚೆಮನೆಯವರು ಪಾತ್ರೆ ಹಿಡಿದು ಹೊರಗೆ ಬಂದು, ಮೀನಿಲ್ಲದೆ ಒಳಗೆ ಹೋಗುತ್ತಿದ್ದರು.

ಆ ಮೀನಿನ ಕೂಗನ್ನೇ ಅವಳು ಕೋರ್ಟಿಗೂ ತಂದಳು. ಆಟದ ನಡುವೆ "ಬಲಕ್ಕೆ ಹೋಗಿ, ಎಡಕ್ಕೆ ಹೋಗಿ" ಎಂದು ಕೂಗಿದರೆ ಎದುರಿನವರಿಗೂ ಗೊತ್ತಾಗುತ್ತದೆ. ಅದಕ್ಕೆ ಅವಳು ಗುಟ್ಟಿನ ಮಾತು ಮಾಡಿದ್ದಳು. ಬಂಗುಡೆ ಎಂದರೆ ಬಲಗಡೆ. ಎಟ್ಟಿ, ಅಂದರೆ ಸಿಗಡಿ, ಎಂದರೆ ಎಡಗಡೆ. ಬೂತಾಯಿ ಎಂದರೆ ಎಲ್ಲರೂ ಒಟ್ಟಿಗೆ ಹೋಗಿ ಎದುರಿನವಳನ್ನು ಮುತ್ತುವುದು; ಬೂತಾಯಿ ಯಾವಾಗಲೂ ಹಿಂಡಿನಲ್ಲೇ ಬರುವ ಮೀನಲ್ಲವೇ. ಘಟ್ಟದ ಮೇಲಿನ ಕಾಲೇಜುಗಳ ತಂಡದವರು ಇದನ್ನು ಕೇಳಿ ಬಾಯಿ ಬಿಟ್ಟು ನಿಲ್ಲುತ್ತಿದ್ದರಂತೆ. ಒಬ್ಬ ರೆಫ್ರಿ, "ಮೇಡಂ, ಊಟದ ವಿಷಯ ಆಮೇಲೆ ಮಾತಾಡಿ" ಎಂದಿದ್ದರಂತೆ.

ಆದರೆ ಈ ವರ್ಷ ಅದೃಷ್ಟ ಕೆಟ್ಟಿತು. ಒಬ್ಬಳಿಗೆ ಕಾಲು ಉಳುಕಿತು, ಇನ್ನೊಬ್ಬಳಿಗೆ ಪರೀಕ್ಷೆ. ಸಾಲಾಗಿ ಸೋತರು. ಪ್ರಿನ್ಸಿಪಾಲರು ಮೊಮ್ಮಗಳನ್ನು ಆಫೀಸಿಗೆ ಕರೆದು, ಕಾರ್ಕಳದವರ ಜೊತೆ ಇರುವ ಮ್ಯಾಚ್ ಗೆದ್ದು ಮುಂದಿನ ಸುತ್ತಿಗೆ ಹೋಗದಿದ್ದರೆ ಬರುವ ವರ್ಷಕ್ಕೆ ಬೇರೆ ಕೋಚ್ ನೋಡಬೇಕಾಗುತ್ತದೆ ಎಂದು ಹೇಳಿದರು. ಆ ದಿನ ಅವಳು ಮನೆಗೆ ಬಂದು, ನಾನು ಮಾಡಿದ ಎಟ್ಟಿ ಸುಕ್ಕ ತಟ್ಟೆಯಲ್ಲೇ ಬಿಟ್ಟಳು. ಹುಟ್ಟಿದಂದಿನಿಂದ ಅವಳು ಎಟ್ಟಿ ಬಿಟ್ಟದ್ದಿಲ್ಲ.

"ನಾನು ಬರ್ತೇನೆ ಕಾರ್ಕಳಕ್ಕೆ," ಎಂದೆ.

"ಬೇಡ ಅಜ್ಜಿ. ನೀನು ಬೊಬ್ಬೆ ಹಾಕ್ತಿ."

"ಬಾಯಿ ಬಿಡುದಿಲ್ಲ ಮಗಾ. ಬಾಯಿಗೆ ಎಲೆ ಅಡಿಕೆ ಹಾಕಿ ಕೂರ್ತೇನೆ."

ಹಾಗೆ ಕಾಪುವಿನಿಂದ ಉಡುಪಿಗೆ ಬಸ್ಸು, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು. ಅಲ್ಲಿಂದ ಹುಡುಗಿಯರ ಜೊತೆ ಕಾಲೇಜಿನ ವ್ಯಾನಿನಲ್ಲೇ ನನ್ನ ಸವಾರಿ. ಮದುಮಗಳ ಹಾಗೆ ಮಲ್ಲಿಗೆ ಮುಡಿದು ಹೋಗಿದ್ದೆ. ಹುಡುಗಿಯರೆಲ್ಲ "ಅಜ್ಜಿ, ಅಜ್ಜಿ" ಎಂದು ಸುತ್ತುವರಿದರು. ನನ್ನ ಪಕ್ಕದಲ್ಲಿ ಕೂತವಳು ಉದ್ದಕ್ಕೆ ತೆಂಗಿನ ಸಸಿಯ ಹಾಗಿದ್ದ ಗದಗದ ಕಡೆಯ ಹುಡುಗಿ. ಅವಳ ಅಪ್ಪ ಅಮ್ಮ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಇವಳು ಇಲ್ಲಿಯೇ ಕಾಲೇಜಿಗೆ ಸೇರಿದ್ದಾಳೆ. ಮೀನು ತಿನ್ನುವವಳಲ್ಲ.

"ಹಾಗಾದರೆ ಬಂಗುಡೆ ಯಾವುದು, ಎಟ್ಟಿ ಯಾವುದು ನಿನಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದೆ.

"ನನಗ ಗೊತ್ತಾಗಾಂಗಿಲ್ರಿ ಅಜ್ಜಿ," ಎಂದಳು, ಸ್ವಲ್ಪ ನಾಚಿಕೊಂಡು. "ಒಮ್ಮೆ ಎಟ್ಟಿ ಅಂದಾಗ ಬಲಕ್ಕ ಓಡಿ ನಮ್ಮಾಕಿಗೇ ಡಿಕ್ಕಿ ಹೊಡದೀನ್ರಿ. ಅದಕ್ಕ ಮೇಡಂ ಹೇಳ್ಯಾರ, ನೀ ಕಿವಿ ಮುಚ್ಚಿಕೋ, ನನ್ನ ಕೈ ಅಷ್ಟ ನೋಡು ಅಂತ. ಬಲಗೈ ಎತ್ತಿದ್ರ ಬಲಕ್ಕ, ಎಡಗೈ ಎತ್ತಿದ್ರ ಎಡಕ್ಕ."

"ಒಂದು ಸಲ ಬಂಗುಡೆ ಪುಳಿಮುಂಚಿ ತಿಂದು ನೋಡು. ಜನ್ಮದಲ್ಲಿ ಮರೆಯುದಿಲ್ಲ."

"ನೀವು ಒಂದು ಸಲ ನಮ್ಮವ್ವನ ಎಣ್ಣಿಗಾಯಿ ತಿನ್ರಿ, ಆಮೇಲೆ ಮಾತಾಡೂಣು," ಎಂದಳು. ಹುಡುಗಿ ನನಗೆ ಹಿಡಿಸಿದಳು.

ಕಾರ್ಕಳದ ಒಳಾಂಗಣ ಕ್ರೀಡಾಂಗಣದಲ್ಲಿ ಗ್ಯಾಲರಿ ತುಂಬ ಜನ. ನಾನು ನಮ್ಮ ತಂಡದ ಬೆಂಚಿನ ಹಿಂದೆಯೇ ಜಾಗ ಹಿಡಿದೆ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಬಂದು ಕೂತರು. ಕೆಳಗಿನಿಂದ ಹುಡುಗಿಯರು ಅವರಿಗೆ ಕೈ ಮುಗಿದದ್ದು ನೋಡಿದಾಗಲೇ ಗೊತ್ತಾಯಿತು, ಇವರೇ ಪ್ರಿನ್ಸಿಪಾಲರು. ನಾನು ಸೆರಗು ಸರಿಮಾಡಿಕೊಂಡೆ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ನಿಮ್ಮವರು ಯಾರಾದರೂ ಆಡ್ತಾರಾ ಅಮ್ಮಾ?" ಎಂದು ಕೇಳಿದರು.

"ಆಡುದಿಲ್ಲ ಸಾರ್, ಆಡಿಸ್ತಾಳೆ," ಎಂದೆ. ಪೀಪಿಯ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ.

ಆಟ ಶುರುವಾಯಿತು. ಮೊಮ್ಮಗಳು "ಬಂಗುಡೇ!" ಎಂದು ಕೂಗಿದಳು. ಹುಡುಗಿಯರು ಬಲಕ್ಕೆ ನುಗ್ಗಿದರು, ಚೆಂಡು ಬುಟ್ಟಿಗೆ. "ಎಟ್ಟೀ!" ಎಂದಳು. ಎಡಕ್ಕೆ ನುಗ್ಗಿದರು, ಮತ್ತೆ ಬುಟ್ಟಿಗೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಎಂತ ಮಾರಾಯ್ರೆ," ಎಂದರು ಪ್ರಿನ್ಸಿಪಾಲರು, ಗಾಳಿಯ ಹತ್ತಿರ ಹೇಳಿಕೊಂಡ ಹಾಗೆ. "ಕೋಚಾ, ಮೀನು ಮಾರ್ಕೆಟಾ? ಇಂಥ ಸ್ವರ ಎಲ್ಲಿಂದ ಬಂದದ್ದೋ!"

ನಾನು ಎಲೆ ಅಡಿಕೆ ಜಗಿಯುತ್ತಾ ಮೇಲೆ ಫ್ಯಾನ್ ನೋಡಿದೆ.

ಒಂದು ವಿಷಯ ಮಾತ್ರ ಮೊಮ್ಮಗಳು ಮರೆತಿದ್ದಳು. ಇದು ಕಾರ್ಕಳ. ಸಮುದ್ರ ಇಲ್ಲದಿದ್ದರೆ ಎಂತ, ಇಲ್ಲಿಯವರಿಗೆ ಬಂಗುಡೆ ಗೊತ್ತಿಲ್ಲವೇ? ಅರ್ಧ ಆಟ ಮುಗಿಯುವಾಗ ಎದುರಿನ ಹುಡುಗಿಯರಿಗೆ ಗುಟ್ಟು ತಿಳಿದುಹೋಯಿತು. "ಬಂಗುಡೆ" ಎಂದು ಇವಳ ಬಾಯಿಯಿಂದ ಪೂರಾ ಬೀಳುವ ಮೊದಲೇ ಅವರ ಗಟ್ಟಿಗಿತ್ತಿ ಒಬ್ಬಳು "ಬಲಕ್ಕೆ ಬರ್ತಾರೆ, ಬಲಕ್ಕೆ!" ಎಂದು ಬಂದು ಗೋಡೆಯ ಹಾಗೆ ನಿಲ್ಲುತ್ತಿದ್ದಳು. ಇವಳು "ಎಟ್ಟಿ" ಎಂದರೆ ಅಲ್ಲಿ "ಸುಕ್ಕ ಮಾಡುವ, ಬನ್ನಿ!" ಎಂದು ತಮಾಷೆ. ನಮ್ಮವರು ಗಳಿಸಿದ್ದೆಲ್ಲ ಕರಗಿತು. ಬೇರೆ ಗುಟ್ಟು ಕಲಿಸಲು ಪುರುಸೊತ್ತು ಎಲ್ಲಿ? ಮೊಮ್ಮಗಳು ಕೂಗಿದಳು, ಕೂಗಿದಳು, ಕೊನೆಗೆ ಅವಳ ಸ್ವರವೇ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ.

ಆಟ ಮುಗಿಯಲು ಅರ್ಧ ನಿಮಿಷ ಬಾಕಿ ಇರುವಾಗ ನಾವು ಒಂದೇ ಒಂದು ಅಂಕ ಹಿಂದೆ. ಚೆಂಡು ನಮ್ಮ ಕೈಯಲ್ಲಿ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಬೇರೆ ಕೋಚ್ ಯಾರೆಂದು ಯೋಚಿಸುತ್ತಿದ್ದಾರೆ ಎಂದುಕೊಂಡೆ. ಕೆಳಗೆ ಮೊಮ್ಮಗಳು ಮಾತಿಲ್ಲದೆ ಬಲಗೈ ಎತ್ತಿ ಬೀಸುತ್ತಿದ್ದಳು.

ಆ ಹೊತ್ತಿಗೇ ನನ್ನ ಸೊಂಟದಲ್ಲಿ ಫೋನು ಬಡಿದುಕೊಂಡಿತು.

ಸಂತೆಕಟ್ಟೆಯ ಅಮ್ಮ. ನನ್ನ ಹಳೆಯ ಗಿರಾಕಿ. ಮೊದಲು ಕಾಪುವಿನಲ್ಲಿದ್ದವರು, ಮನೆ ಬದಲಾಯಿಸಿದರೂ ಮೀನು ನನ್ನ ಕೈಯಿಂದಲೇ ಆಗಬೇಕು. ಅವರ ಫೋನು ತೆಗೆಯದಿದ್ದರೆ ನಾನು ಸತ್ತೆನೆಂದೇ ತಿಳಿದು ಮನೆಗೆ ಹೊರಟು ಬರುತ್ತಾರೆ. ಕಿವಿ ಬೇರೆ ಮಂದ.

"ನಾಳೆಗೆ ಬಂಗುಡೆ ಉಂಟಾ?" ಎಂದರು.

"ಇಲ್ಲ ಅಮ್ಮಾ," ಎಂದೆ, ಮೆಲ್ಲಗೆ.

"ಆಂ? ಬಂಗುಡೆ!"

"ಇಲ್ಲಾ. ಎಟ್ಟಿ ಉಂಟು."

"ಎಂತ ಉಂಟು? ಕೇಳುದಿಲ್ಲ, ದೊಡ್ಡಕ್ಕೆ ಹೇಳು ಮಾರಾಯ್ತಿ!"

ಬಾಯಿಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟೆ. ಆಮೇಲೆ ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ.

"ಎಟ್ಟೀ! ಎಟ್ಟೀ! ಎಟ್ಟೀ!"

ಆ ಸ್ವರ ಮಾಡಿನ ತಗಡಿಗೆ ಬಡಿದು ಕೆಳಗಿಳಿಯಿತು. ಕೋಚಿನದ್ದೇ ಸ್ವರ, ಕೋಚಿನ ಬೆಂಚಿನ ಕಡೆಯಿಂದಲೇ ಬಂತು. ಕಾರ್ಕಳದ ಐವರೂ ಒಂದೇ ಸಲಕ್ಕೆ ಎಡಕ್ಕೆ ಹಾರಿದರು. ನಮ್ಮವರೂ ಎಡಕ್ಕೆ ಹಾರಿದರು, ಚೆಂಡು ಹಿಡಿದವಳೂ ಸೇರಿ. ಎಲ್ಲರೂ ಎಟ್ಟಿಯ ಹಿಂದೆ! ಆ ಗದಗದ ಹುಡುಗಿ ಒಬ್ಬಳೇ ಮೇಡಂನ ಕೈ ನೋಡಿಕೊಂಡು ಬಲಕ್ಕೆ ಓಡಿ, ಖಾಲಿ ಜಾಗದಲ್ಲಿ ನಿಂತು, "ಇಲ್ಲೇ ಅದೀನಿ, ಇಲ್ಲೇ!" ಎಂದು ಕೈ ಬೀಸಿದಳು. ಚೆಂಡು ಹಿಡಿದವಳು ಕಂಡಳು, ಎಸೆದಳು. ಗದಗದವಳು ಹಿಡಿದು ಮೇಲಕ್ಕೆ ಬಿಟ್ಟಳು. ಚೆಂಡು ಆ ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ತಿರುಗಿ, ಬೀಳಲೋ ಬೇಡವೋ ಎಂದು ಸ್ವಲ್ಪ ಯೋಚಿಸಿ, ಒಳಗೆ ಇಳಿಯಿತು. ಆಟ ಮುಗಿದ ಗಂಟೆಯೂ ಹೊಡೆಯಿತು.

ತಳವಿಲ್ಲದ ಬುಟ್ಟಿ ಎಷ್ಟು ಚಂದ ಎಂದು ನನಗೆ ಆಗ ಗೊತ್ತಾಯಿತು.

ನಮ್ಮವರು ಕುಣಿಯುವಷ್ಟರಲ್ಲಿ ಅವರ ಕೋಚ್ ರೆಫ್ರಿಯ ಹತ್ತಿರ ಓಡಿ ಬಂದರು. "ಇದು ಮೋಸ ಸರ್! ಗ್ಯಾಲರಿಯಲ್ಲಿ ಜನ ಇಟ್ಟು ನಮ್ಮವರನ್ನು ದಾರಿ ತಪ್ಪಿಸಿದ್ದಾರೆ!"

"ಎಟ್ಟಿ ಅಂತ ಕೂಗಿದ್ದು ಯಾರು?" ಎಂದರು ರೆಫ್ರಿ.

ಎಲ್ಲರೂ ಮೊಮ್ಮಗಳನ್ನು ನೋಡಿದರು. ಅವಳು ಬಾಯಿ ತೆರೆದಳು. ಪುಸ್ ಎಂದು ಗಾಳಿ ಬಂತು. ಆಮೇಲೆ ಅವಳು ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಅವಳ ಕೆಲಸ ಉಂಟೋ ಹೋಯಿತೋ ಎಂಬ ಪ್ರಶ್ನೆ. ನಾನು ಎದ್ದು ನಿಂತೆ.

"ನಾನು ಸಾರ್. ಕೋಚಿನ ಅಜ್ಜಿ. ನಾನು ಆಟಕ್ಕೆ ಹೇಳಿದ್ದಲ್ಲ, ಗಿರಾಕಿಗೆ ಹೇಳಿದ್ದು. ನಾಳೆ ನಿಜವಾಗಿಯೂ ಎಟ್ಟಿಯೇ ಇರುದು."

"ಇದನ್ನು ನಂಬುದಾ?" ಎಂದರು ಆ ಕೋಚ್.

ನನ್ನ ಕೈಯಲ್ಲಿ ಫೋನು ಇನ್ನೂ ಕಿರುಚುತ್ತಿತ್ತು. ಪ್ರಿನ್ಸಿಪಾಲರು ಅದನ್ನು ಮೆಲ್ಲನೆ ತೆಗೆದುಕೊಂಡು ಯಾವುದೋ ಗುಂಡಿ ಒತ್ತಿ ಮೇಲೆ ಹಿಡಿದರು. ಇಡೀ ಕ್ರೀಡಾಂಗಣಕ್ಕೆ ಸಂತೆಕಟ್ಟೆಯ ಅಮ್ಮನ ಸ್ವರ ಕೇಳಿಸಿತು:

"ಎಟ್ಟಿ ಬೇಡ ಅಂತ ಎಷ್ಟು ಸಲ ಹೇಳುದು ನಿನಗೆ! ಎಟ್ಟಿ ತಿಂದರೆ ನಮ್ಮ ಅಳಿಯನಿಗೆ ಮೈಯೆಲ್ಲ ತುರಿಸ್ತದೆ, ಗೊತ್ತಿಲ್ವಾ? ಬಂಗುಡೆ ಇಲ್ಲದಿದ್ದರೆ ಬೂತಾಯಿ ತಾ! ಬೂತಾಯಿ!"

ಬೂತಾಯಿ ಎಂದದ್ದೇ ತಡ, ನಮ್ಮ ಹುಡುಗಿಯರು ಅಭ್ಯಾಸಬಲದಿಂದ ಓಡಿ ಹೋಗಿ ಕಾರ್ಕಳದ ಆ ಗಟ್ಟಿಗಿತ್ತಿಯನ್ನು ಮುತ್ತಿ ನಿಂತರು. ಅವಳು ಹೆದರಿ ಎರಡೂ ಕೈ ಮೇಲೆತ್ತಿದಳು. ಅಲ್ಲಿಗೆ ರೆಫ್ರಿಯ ಬಾಯಿಯಿಂದ ಪೀಪಿ ಕೆಳಗೆ ಬಿತ್ತು. ಅವರು ಹೊಟ್ಟೆ ಹಿಡಿದು ನಕ್ಕರು, ಆ ಕೋಚೂ ಮುಖ ತಿರುಗಿಸಿಕೊಂಡು ನಕ್ಕರು.

"ಗ್ಯಾಲರಿಯಲ್ಲಿ ಮೀನಿನ ವ್ಯಾಪಾರ ಮಾಡಬಾರದು ಅಂತ ನಮ್ಮ ಆಟದ ನಿಯಮದಲ್ಲಿ ಎಲ್ಲಿಯೂ ಇಲ್ಲ," ಎಂದು ರೆಫ್ರಿ ಹೇಳಿದರು. "ಪಾಯಿಂಟ್ ಉಂಟು. ಮಣಿಪಾಲ ಗೆದ್ದಿದೆ."

ಆಮೇಲೆ ನನಗೆ ಸರಿಯಾಗಿ ನೆನಪಿಲ್ಲ. ಮೆಟ್ಟಿಲು ಹೇಗೆ ಇಳಿದೆನೋ, ಮಲ್ಲಿಗೆ ಎಲ್ಲಿ ಬಿತ್ತೋ. ಮೊಮ್ಮಗಳು ನನ್ನನ್ನು ಎತ್ತಿ ತಿರುಗಿಸಿದಳು. ನಾನು ಗದಗದ ಹುಡುಗಿಯ ಗಲ್ಲ ಹಿಡಿದು, "ನೀನು ಜನ್ಮದಲ್ಲಿ ಮೀನು ತಿನ್ನಬೇಡ ಮಗಾ," ಎಂದೆ.

ಪ್ರಿನ್ಸಿಪಾಲರು ನನ್ನ ಫೋನು ವಾಪಸು ಕೊಡಲು ಕೆಳಗೆ ಬಂದರು. ಮೊಮ್ಮಗಳು ನೆಟ್ಟಗೆ ನಿಂತಳು.

"ಆ ಸ್ವರ ಎಲ್ಲಿಂದ ಬಂದದ್ದು ಅಂತ ಈಗ ಗೊತ್ತಾಯಿತು ಬಿಡಿ," ಎಂದರು ನನಗೆ. ಮತ್ತೆ ಅವಳ ಕಡೆ ತಿರುಗಿ, "ಬರುವ ವರ್ಷ ಬೇರೆ..." ಎಂದು ನಿಲ್ಲಿಸಿದರು. ನಾನು ಅವಳ ಕೈ ಹಿಡಿದುಕೊಂಡೆ. "ಬೇರೆ ಕೋಡ್ ಮಾಡಿ ಮೇಡಂ. ಈ ಮೀನು ಇನ್ನು ನಡೆಯುದಿಲ್ಲ. ಇಡೀ ಜಿಲ್ಲೆಗೆ ಗೊತ್ತಾಯಿತು."

ಅಂದರೆ ಬರುವ ವರ್ಷವೂ ಅವಳೇ! ಇದನ್ನು ಬರೆಯುವಾಗಲೂ ನನಗೆ ಎದ್ದು ಒಂದು ಸುತ್ತು ಕುಣಿಯಬೇಕೆನಿಸುತ್ತದೆ. ಮೊಣಕಾಲು ಬಿಡುವುದಿಲ್ಲ, ಕೂತಲ್ಲೇ ಕೈ ಕುಣಿಸುತ್ತೇನೆ.

ವ್ಯಾನಿನಲ್ಲಿ ವಾಪಸು ಬರುವಾಗ ಹೊಸ ಗುಟ್ಟಿನ ಚರ್ಚೆ. ಗದಗದವಳು ಹೇಳಿದಳು: "ಕಾಯಿಪಲ್ಯೆದ ಹೆಸರು ಇಡ್ರಿ ಮೇಡಂ. ಬದನಿಕಾಯಿ ಅಂದ್ರ ಬಲಕ್ಕ, ಎಲೆಕೋಸು ಅಂದ್ರ ಎಡಕ್ಕ. ನನಗೂ ಗೊತ್ತಾಕ್ಕೈತಿ." ಸ್ವರ ಇಲ್ಲದ ಮೊಮ್ಮಗಳು ತಲೆ ಆಡಿಸಿ, ನನ್ನ ಕಡೆ ಬೆರಳು ತೋರಿಸಿ, ಫೋನು ಕಿವಿಗಿಟ್ಟ ಹಾಗೆ ಮಾಡಿ, ಬೇಡ ಬೇಡ ಎಂದು ಕೈ ಆಡಿಸಿದಳು. ನಾನು ಮೀನಿನವಳು, ತರಕಾರಿಗೆ ನನಗೆ ಯಾರು ಫೋನು ಮಾಡುತ್ತಾರೆ ಎಂದು ಎಲ್ಲರೂ ನಕ್ಕೆವು. ಹೊಸ ಗುಟ್ಟು ಬದನೆ, ಎಲೆಕೋಸು ಎಂದೇ ಆಯಿತು.

ಮೊನ್ನೆ ಸಂತೆಕಟ್ಟೆಯ ಅಮ್ಮ ಫೋನು ಮಾಡಿದರು. ಅವರ ಮನೆಯಲ್ಲಿ ಏನೋ ವ್ರತವಂತೆ, ಒಂದು ವಾರ ಮೀನು ಬೇಡವಂತೆ. "ಬರುವಾಗ ಮಟ್ಟುವಿನಿಂದ ಬದನೆ ತರ್ತೀಯಾ? ಆಂ? ಕೇಳುದಿಲ್ಲ, ದೊಡ್ಡಕ್ಕೆ ಹೇಳು!"

ನಾನು ಹೊರಗೆ ಹೋಗಿ ಅಂಗಳದಲ್ಲಿ ಮೊಮ್ಮಗಳು ಇಲ್ಲ, ರಸ್ತೆಯಲ್ಲಿ ಚೆಂಡು ಹಿಡಿದವರು ಯಾರೂ ಇಲ್ಲ ಎಂದು ನೋಡಿಕೊಂಡು, ಆಮೇಲೆ ಕೂಗಿದೆ.