ಹೊಳೆದಂಡೆಯಲ್ಲಿ ಸುಮ್ಮನೆ ಓಡುವವನು

ಓಡಲಿಕ್ಕೆ ಒಳ್ಳೆಯ ದಾರಿ ಯಾವುದೆಂದು ಈಗಿನ ಹುಡುಗರು ಕೇಳುತ್ತಾರೆ. ಎರಡು ಹೇಳುತ್ತೇನೆ. ಕಾರವಾರದಲ್ಲಿ, ಅಲೆ ಹಿಂದೆ ಸರಿದ ಮೇಲೆ ಗಟ್ಟಿಯಾಗುವ ಮರಳು. ಅಲ್ಲಿ ಓಡುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ರಾಣೆಬೆನ್ನೂರಿನ ಹೊರಗಿನ ಅಭಯಾರಣ್ಯದಲ್ಲಿ, ನೀಲಗಿರಿ ಮರಗಳ ನಡುವಿನ ಗಾಡಿದಾರಿ. ಅಲ್ಲಿ ಚಿಗರಿಯ ಹಿಂಡು ತಲೆಯೆತ್ತಿ ನೋಡುತ್ತದೆ, ಇವನಿಂದ ಅಪಾಯವಿಲ್ಲವೆಂದು ತಿಳಿದು ಮತ್ತೆ ಮೇಯುತ್ತದೆ. ಮೂರನೆಯ ದಾರಿ ಈ ಎರಡಕ್ಕಿಂತ ಚೆಲುವಾದದ್ದು. ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಣೆಬೆನ್ನೂರಿನಲ್ಲಿ ದಿನಪತ್ರಿಕೆಯೊಂದರ ವರದಿಗಾರನಾಗಿದ್ದೆ. ವಾಸ ಕುಮಾರಪಟ್ಟಣದಲ್ಲಿ, ಅಣ್ಣನ ಮನೆಯಲ್ಲಿ. ಬೆಳಿಗ್ಗೆ ಎದ್ದು ಕ್ಯಾನ್ವಾಸ್ ಬೂಟು ಹಾಕಿಕೊಂಡು ತುಂಗಭದ್ರೆಯ ದಂಡೆ ಹಿಡಿದು ಓಡುತ್ತಿದ್ದೆ. ಬಲಕ್ಕೆ ಹೊಳೆ, ಎಡಕ್ಕೆ ಭತ್ತದ ಗದ್ದೆ, ನಡುನಡುವೆ ನೀರೆತ್ತುವ ಪಂಪಿನ ಮನೆಗಳು. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆಗಳು ಮೇಲೆದ್ದರೆ ಒಂದೊಂದರ ಮೇಲೂ ಒಂದೊಂದು ಕೊಕ್ಕರೆ. ಒಂದು ಸಣ್ಣ ಊರು ದಾಟಿದರೆ ದೊಡ್ಡ ಆಲದ ಮರ. ಅದನ್ನು ಮುಟ್ಟಿ ಹಿಂತಿರುಗುವುದು ನನ್ನ ರೂಢಿ.

ಆ ದಾರಿಯ ತೊಂದರೆ ಒಂದೇ. ಆ ಊರುಗಳಲ್ಲಿ ಯಾರೂ ಸುಮ್ಮನೆ ಓಡುತ್ತಿರಲಿಲ್ಲ. ಆ ಊರುಗಳಿಗೆ ಫೋನು ಬಾರದ ಕಾಲ. ಮನೆಯಲ್ಲಿ ಯಾರಾದರೂ ಸತ್ತರೆ ಕಾಲು ಚುರುಕಾದ ಒಬ್ಬನನ್ನು ಬೀಗರ ಊರುಗಳಿಗೆ ಅಟ್ಟುತ್ತಿದ್ದರು. ಅವನು ಹೊಳೆದಂಡೆಯ ಒಳದಾರಿ ಹಿಡಿದು ಓಡುತ್ತಿದ್ದ. ಹೋದ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ಕೂಡುತ್ತಿರಲಿಲ್ಲ, ಕೊಟ್ಟ ನೀರು ಕುಡಿಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದ. ಹಾಗಾಗಿ ಬೆಳಗಿನ ಹೊತ್ತು ಓಡಿ ಬರುವ ಮನುಷ್ಯ ಎಂದರೆ ಅಲ್ಲಿಯವರಿಗೆ ಒಂದೇ ಅರ್ಥ.

ಮೊದಮೊದಲು ಗದ್ದೆಯಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಯಾರು ಹೋದರು ಎಂದು ಕೂಗಿ ಕೇಳುತ್ತಿದ್ದರು. ಯಾರೂ ಇಲ್ಲ ಎಂದರೆ ನಂಬುತ್ತಿರಲಿಲ್ಲ. ಪಂಪಿನ ಮನೆಯ ಮುದುಕನೊಬ್ಬ ಮಾತ್ರ ಬೇಗ ಪಳಗಿದ. ನನ್ನನ್ನು ಕಂಡ ಕೂಡಲೇ ಅವನದು ಅದೇ ಮಾತು:

"ಇವತ್ತರ ಯಾರರ ಸತ್ತಾರೇನೋ, ಇಲ್ಲಾ ಇವತ್ತೂ ಖಾಲಿ ಓಟನಾ?"

"ಇವತ್ತೂ ಖಾಲಿರಿ, ಯಜ್ಜಾ."

"ಪಗಾರ ಇಲ್ಲದ ಕೆಲಸಾ ಮಾಡಾಕತ್ತೀಯಲ್ಲೋ ತಮ್ಮಾ."

ಆ ಸಣ್ಣ ಊರಿನ ಅಂಚಿನಲ್ಲಿ, ಕಾಲುದಾರಿ ಹೊಳೆಯಿಂದ ಮೇಲಕ್ಕೇರುವಲ್ಲಿ ಒಂದು ಮನೆಯಿತ್ತು. ಅದರಲ್ಲಿ ಒಬ್ಬ ವಿಧವೆ, ಅವಳ ಪುಟ್ಟ ಮೊಮ್ಮಗಳು, ಎರಡು ಎಮ್ಮೆ. ಅವಳ ಮಗ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಒಂದು ಸುಗ್ಗಿಯಲ್ಲಿ ಅವನು ಎತ್ತರಕ್ಕೆ ಒಟ್ಟಿದ್ದ ಚೀಲಗಳ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಪೇಟೆಯ ಧಾರಣೆ ತರಲು ಅಂದು ಬ್ಯಾಡಗಿಗೆ ಹೋಗಿದ್ದ ನಾನು, ಹಮಾಲನೊಬ್ಬನಿಗೆ ತೀವ್ರ ಗಾಯ, ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಲಾಗಿದೆ ಎಂದು ಸಣ್ಣ ಸುದ್ದಿ ಕಳಿಸಿದ್ದೆ. ಅವನ ಊರು ನನ್ನ ದಾರಿಯಲ್ಲೇ ಇದೆಯೆಂದು ಆಗ ತಿಳಿದಿರಲಿಲ್ಲ.

ತಿಳಿದದ್ದು ಹೀಗೆ. ಕೆಲವು ದಿನಗಳ ಬಳಿಕ ನಾನು ಆ ಏರು ಹತ್ತಿ ಬರುತ್ತಿದ್ದಾಗ ಅವಳು ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಮುಂಚೆಯೂ ನೋಡಿದ್ದವಳೇ, ಆದರೆ ಮಗ ಆಸ್ಪತ್ರೆ ಸೇರಿದ ಮೇಲೆ ಅಂದು ಅವಳಿಗೆ ಕಂಡದ್ದು ಓಡಿ ಬರುವ ಮನುಷ್ಯ ಮಾತ್ರ. ಕಸಬರಿಗೆ ಕೈಯಿಂದ ಬಿತ್ತು. ನೆಲಕ್ಕೆ ಕುಸಿದು ಎದೆ ಬಡಿದುಕೊಳ್ಳತೊಡಗಿದಳು. ನೆರೆಯವರು ಓಡಿ ಬಂದರು, ಮಗು ಅಳತೊಡಗಿತು. ನಾನು ಏನೂ ಇಲ್ಲ ಎಂದು ಹೇಳಬೇಕಿತ್ತು. ಏರು ಹತ್ತಿದ ಏದುಸಿರಿನಲ್ಲಿ ಬಾಯಿಂದ ಮಾತು ಹೊರಡಲಿಲ್ಲ. ನಾನು ಉಸಿರು ಹಿಡಿಯುವಷ್ಟು ಹೊತ್ತು ಅವಳ ಮಟ್ಟಿಗೆ ಮಗ ಸತ್ತಿದ್ದ.

ನಿಜ ತಿಳಿದಾಗ ನೆರೆಯವರು ಬೈದರು. ಬೂಟು ಹಾಕ್ಕೊಂಡು ಮಂದಿ ಜೀವಾ ತಗೀಲಿಕ್ಕೆ ಬಂದಾನ ಎಂದ ಒಬ್ಬ. ಅವಳು ಬೈಯಲಿಲ್ಲ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು.

"ಇದನ್ನ ಕುಡಿ. ನೀ ಕುಡಿದ್ರ ನನಗ ನಂಬಿಗಿ ಬರತೈತಿ."

ಕುಡಿದೆ. ಮರುದಿನ ದಾರಿ ಬದಲಿಸುವುದೆಂದು ನಿಶ್ಚಯಿಸಿದ್ದೆ. ಆದರೆ ನಾನು ಹೊರಡುವ ಮುಂಚೆ ಅವಳೇ ಹೇಳಿದಳು: ನಾಳೆಯೂ ಬಾ, ದಿನಾ ಬಾ, ಬಂದು ನೀರು ಕುಡಿದು ಹೋಗು. ಸೊಸೆ ಆಸ್ಪತ್ರೆಯಲ್ಲಿ ಗಂಡನ ಹತ್ತಿರ ಇದ್ದಳು. ಇವಳಿಗೆ ಮಗುವನ್ನೂ ಎಮ್ಮೆಗಳನ್ನೂ ಬಿಟ್ಟು ಹೋಗುವಂತಿರಲಿಲ್ಲ. ಸುದ್ದಿ ತರುವವರು ಯಾರೂ ಇರಲಿಲ್ಲ. ನಮ್ಮ ಕಚೇರಿಯ ಫೋನ್ ನಂಬರನ್ನು ಸೊಸೆಗೆ ಮುಟ್ಟಿಸುವ ವ್ಯವಸ್ಥೆ ಮಾಡಿದೆ. ಏನಾದರೂ ಇದ್ದರೆ ಅಲ್ಲಿಗೆ ತಿಳಿಸುತ್ತಾರೆ, ನಾನು ಬಂದು ಹೇಳುತ್ತೇನೆ ಎಂದೆ. ಇದು ಉಪಕಾರವೆಂದೇ ಆಗ ಅನಿಸಿತ್ತು.

ಅಲ್ಲಿಂದ ಓಟ ನನ್ನದಾಗಿ ಉಳಿಯಲಿಲ್ಲ. ದಿನವೂ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ನೀರು ಕುಡಿದ ಮೇಲೆಯೇ ಎಮ್ಮೆ ಹಿಂಡಲು ಹೋಗುತ್ತಿದ್ದಳು. ಒಂದು ಸಲ ಜ್ವರ ಬಂದು ಮಲಗಿದೆ. ಮಧ್ಯಾಹ್ನದವರೆಗೂ ಅವಳು ಹೊಸ್ತಿಲು ಬಿಟ್ಟು ಏಳಲಿಲ್ಲವೆಂದು ಪಂಪಿನ ಮನೆಯ ಮುದುಕ ಆಮೇಲೆ ಹೇಳಿದ. ಆ ಸಲ ಅವನು ತಮಾಷೆ ಮಾಡಲಿಲ್ಲ.

ಮಳೆಗಾಲ ಹಿಡಿದು ಹೊಳೆ ಕೆಂಪಾಗಿ ತುಂಬಿತು. ಬಂಡೆಗಳು ಮುಳುಗಿದವು. ಹುಬ್ಬಳ್ಳಿಯಿಂದ ಫೋನು ಬಂದದ್ದು ಒಂದು ಬೆಳಿಗ್ಗೆ, ನಾನು ಓಟ ಮುಗಿಸಿ, ಅವಳ ನೀರು ಕುಡಿದು, ಕಚೇರಿಗೆ ಬಂದು ಕೂತ ಮೇಲೆ. ಮಾತಾಡಿದವನು ಸೊಸೆಯ ತಮ್ಮ. ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಕೀವಾಗಿ ನಂಜು ಮೈಗೆಲ್ಲ ಏರಿತ್ತು. ರಾತ್ರಿಯೇ ಜೀವ ಹೋಗಿತ್ತು. ಹೆಸರು, ಊರು, ತಂದೆಯ ಹೆಸರು ಕೇಳಿ ಖಚಿತಪಡಿಸಿಕೊಂಡೆ. ಕಸುಬಿನ ರೂಢಿ. ಆಮೇಲೆ ಲೆಕ್ಕ ಹಾಕಿದೆ: ಇವತ್ತು ನಾನು ನೀರು ಕುಡಿಯುವಾಗ ಅವನು ಸತ್ತಿದ್ದ.

ಬಸ್ಸು ಹಿಡಿದು ಹೋದೆ. ಡಾಂಬರು ರಸ್ತೆಯಲ್ಲಿ ಇಳಿದು ಚಪ್ಪಲಿ ಕಾಲಲ್ಲಿ ನಡೆದೆ. ಅವಳು ಅಂಗಳದಲ್ಲಿ ಸೆಗಣಿ ತಟ್ಟುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ನನ್ನನ್ನು ನೋಡಿದಳು. ಕೈ ತೊಳೆದುಕೊಂಡು ಒಳಗೆ ಹೋಗಿ ತಂಬಿಗೆ ತುಂಬಿ ತಂದು ಚಾಚಿದಳು.

ನಾನು ಕೈ ನೀಡಲಿಲ್ಲ.

"ಕುಡಿಯೋ ತಮ್ಮಾ," ಅಂದಳು. "ಒಂದ ಗುಟುಕರ ಕುಡಿ."

ನಿಂತೇ ಇದ್ದೆ. ಅವಳು ತಂಬಿಗೆಯನ್ನು ಕೆಳಗಿಡಲಿಲ್ಲ, ಚೆಲ್ಲಲಿಲ್ಲ. ಹಾಗೇ ಹಿಡಿದುಕೊಂಡು ಯಾವಾಗ ಎಂದು ಕೇಳಿದಳು. ಹೇಳಿದೆ. ಸಂಜೆಗೆ ತರುತ್ತಾರೆ ಎಂದೂ ಹೇಳಿದೆ. ಅಳಲಿಲ್ಲ. ಅಂದು ಸುಳ್ಳಿಗೆ ಅತ್ತಿದ್ದಳು, ಅವಳ ಪಾಲಿನ ಗಟ್ಟಿ ಅಳು ಅಲ್ಲೇ ಖರ್ಚಾಗಿತ್ತೇನೋ. ಆಮೇಲೆ ಮಗಳ ಮಾತು ತೆಗೆದಳು. ಮಗಳನ್ನು ಆಲದ ಮರದ ಆಚೆಗಿನ ಊರಿಗೆ ಕೊಟ್ಟಿದ್ದರು. ಸಂಜೆಯೊಳಗೆ ಅವಳು ಬಂದು ಅಣ್ಣನ ಮುಖ ನೋಡಬೇಕಿತ್ತು. ಗಂಡಸರು ನಾಟಿಗೆ ಹೋಗಿದ್ದರು, ಊರಲ್ಲಿ ಕಳಿಸುವುದಕ್ಕೆ ಯಾರೂ ಇರಲಿಲ್ಲ.

"ನೀ ಓಡಾಂವ ಅದಿ," ಅಂದಳು. "ಓಡು. ಅಕೀಗೂ ನೀನ ಹೇಳು."

ಚಪ್ಪಲಿಯನ್ನು ಅವಳ ಅಂಗಳದಲ್ಲೇ ಬಿಟ್ಟು ಓಡಿದೆ. ಮಳೆ ಬಿಟ್ಟಿತ್ತು. ಹೊಳೆಯ ಮೇಲೆ ಬಿಸಿಲು ಬಿದ್ದಿತ್ತು, ಹೊಸದಾಗಿ ನಾಟಿ ಮಾಡಿದ ಗದ್ದೆಗಳು ಹಸಿರಾಗಿದ್ದವು. ಆ ದಾರಿ ಅಷ್ಟು ಚೆಲುವಾಗಿ ಕಂಡದ್ದು ಅದೊಂದೇ ದಿನ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದವರು ನೋಡಿದರು, ನಕ್ಕು ಮತ್ತೆ ಬಗ್ಗಿದರು. ನನ್ನ ಓಟ ಅವರಿಗೆ ರೂಢಿಯಾಗಿ ಹೋಗಿತ್ತು. ಅವನು ಓಡುವವನೇ, ಅದರಲ್ಲೇನೂ ಇಲ್ಲ. ನಾನೇ ನಿಂತು ಕೂಗಿ ಹೇಳಬೇಕಾಯಿತು. ಕೈಯಲ್ಲಿದ್ದ ಸಸಿ ಬಿಟ್ಟು, ಕೆಸರಿನ ಕಾಲಿನಲ್ಲೇ ಅವರು ಆ ಮನೆಯ ಕಡೆ ನಡೆದರು.

ಆಲದ ಮರ ದಾಟಿದೆ. ಅದರಾಚೆ ನಾನು ಎಂದೂ ಹೋಗಿರಲಿಲ್ಲ, ನನ್ನನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಊರ ಮುಂದಿನ ಹೊಳೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬರಿಗಾಲಿನಲ್ಲಿ ಓಡಿ ಬರುವವನನ್ನು ಕಂಡು ಒಬ್ಬೊಬ್ಬರಾಗಿ ಬಟ್ಟೆ ಬಡಿಯುವುದನ್ನು ನಿಲ್ಲಿಸಿದರು. ಮುದುಕಿಯ ಮಗಳು ಯಾರೆಂದು ನಾನು ಕೇಳಬೇಕಾಗಲಿಲ್ಲ. ಒಬ್ಬಳು ಆಗಲೇ ಒದ್ದೆ ಸೀರೆಯನ್ನು ಕಲ್ಲಿನ ಮೇಲೆ ಬಿಟ್ಟು ಎದ್ದು ನಿಂತಿದ್ದಳು. ನಾನು ಓಟ ನಿಲ್ಲಿಸಿದೆ. ಉಸಿರು ಸರಿಹೋಗುವ ತನಕ ಅವಳ ಮುಂದೆ ಸುಮ್ಮನೆ ನಿಂತೆ. ಈ ಸಲ ಏನೂ ಇಲ್ಲ ಎಂದು ಹೇಳುವ ಅವಸರವಿರಲಿಲ್ಲ.