ಐದನೆಯ ಮನೆ

ಬೆಳಿಗ್ಗೆ ಎಂಟೂವರೆಗೆ ಇಂಗ್ಲಿಷ್ ಶಾಲೆಯ ವ್ಯಾನು ಓಣಿಯ ಬಾಯಿಗೆ ಬಂದು ಮೂರು ಸಲ ಹಾರ್ನ್ ಹೊಡೆಯುತ್ತಿತ್ತು. ರಮಜಾನಬಿ ಮನೆಯ ಕಟ್ಟೆಯ ಮೇಲೆ ಕೂತೇ ಅದನ್ನು ಕೇಳುತ್ತಿದ್ದಳು. ಹಾರ್ನ್ ನಿಂತ ಮೇಲೆ ಬಾಗಿಲು ಎಳೆದ ಸದ್ದು, ಮಕ್ಕಳ ಗಲಾಟೆ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅವಳು ಎದ್ದು ಅಂಗನವಾಡಿಯ ಕೀಲಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು.

ಇಪ್ಪತ್ತಾರು ವರ್ಷದ ರೂಢಿ ಅದು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯ ಪಕ್ಕದ ಆ ಊರಿನಲ್ಲಿ ಎಷ್ಟೋ ಜನ ಮೊದಲ ಅಕ್ಷರ ತಿದ್ದಿದ್ದು ಅವಳ ಬೆರಳು ಹಿಡಿದು. ಈಗ ಅರ್ಧ ಓಣಿ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗಿತ್ತು. ಉಳಿದವರ ಮಕ್ಕಳು ವ್ಯಾನು ಹತ್ತಿದ್ದವು. ಅವಳ ಬಳಿ ಇದ್ದದ್ದು ಹನ್ನೊಂದು.

"ಶುಕ್ರವಾರ ನಾನ ಬಂದು ತಲಿ ಎಣಸ್ತೀನ್ರಿ," ಎಂದಿದ್ದರು ಮೇಲ್ವಿಚಾರಕಿ ರಮಾಬಾಯಿ. "ಹತ್ತಕ್ಕ ಒಂದ ಕಡಿಮಿ ಆದ್ರೂ ಈ ಕೇಂದ್ರ ದಾರಿ ಆಚಿ ಕೇಂದ್ರಕ್ಕ ಸೇರತೈತಿ. ನನ್ನ ಕೈಯಾಗ ಏನಿಲ್ಲ."

ದಾರಿಯಾಚೆ ಎಂದರೆ ಲಾರಿಗಳು ಓಡಾಡುವ ದಾರಿಯಾಚೆ. ಅಲ್ಲಿಗೆ ದ್ಯಾಮೇಶನನ್ನು ಯಾರು ಕರೆದೊಯ್ಯುತ್ತಾರೆ? ನಾಲ್ಕು ವರ್ಷದವನು. ಅಪ್ಪ-ಅವ್ವ ಗೋವಾದಲ್ಲಿ, ಅಜ್ಜಿ ಹೊತ್ತು ಮೂಡುವ ಮೊದಲೇ ಕಳೆ ತೆಗೆಯಲು ಹೋಗುವವಳು. ಅಂಗನವಾಡಿಯ ಅನ್ನ ಮತ್ತು ಮೊಟ್ಟೆಯೇ ಅವನ ಹಗಲಿನ ಊಟ. ಅವನಂಥವರು ಇನ್ನೂ ಮೂವರಿದ್ದರು.

ಒಂದು ಮಗುವೂ ತಪ್ಪಬಾರದೆಂದು ರಮಜಾನಬಿ ಮನೆಮನೆಗೆ ಹೋಗಿ ಹೇಳಿದಳು. ಶುಕ್ರವಾರ ಮಕ್ಕಳು ತಮ್ಮ ಮನೆಯ ಒಂದು ತಿನಿಸು ತರಲಿ, ಮನೆತನದ ಒಂದು ಉಡುಪು ತೊಟ್ಟು ಬರಲಿ. ದ್ಯಾಮೇಶನ ಅಜ್ಜಿ ಟ್ರಂಕು ತಡಕಾಡಿ, ಮೊಹರಂನಲ್ಲಿ ಹರಕೆಯ ಫಕೀರರು ಕೊರಳಿಗೆ ಹಾಕುವ ಕೆಂಪು ಲಾಡಿ ತೆಗೆದಳು. ಮಗು ಜ್ವರದಿಂದ ಉಳಿದರೆ ಪ್ರತಿ ಮೊಹರಂಗೆ ಫಕೀರನನ್ನಾಗಿ ಮಾಡುತ್ತೇನೆಂದು ಹರಕೆ ಹೊತ್ತಿದ್ದಳು. "ನಮ್ಮನ್ಯಾಗ ಹಂತಾ ಅರಬಿ ಎಲ್ಲೈತ್ರಿ ಅಕ್ಕೋರ? ಇದ್ದದ್ದು ಇದೊಂದ."

ಮೊಹರಂ ಇನ್ನೂ ಬಹಳ ದೂರವಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಲಾಡಿ ಹಾಕಬಾರದು ಎಂಬ ಮಾತು ರಮಜಾನಬಿಯ ನಾಲಿಗೆಯ ತುದಿಗೆ ಬಂದು ಅಲ್ಲಿಯೇ ಉಳಿಯಿತು. ಹುಡುಗ ಬಂದರೆ ಸಾಕಿತ್ತು.

ಶುಕ್ರವಾರ ಹನ್ನೊಂದೂ ಬಂದವು. ಒಬ್ಬ ಅಜ್ಜನ ರುಮಾಲು ಸುತ್ತಿಕೊಂಡು ಕಣ್ಣು ಕಾಣದೆ ಬಾಗಿಲಿಗೆ ಹಾಯ್ದ. ಯಶೋಧರಾ ಇಳಕಲ್ ಸೀರೆಯ ಗಂಟಿನೊಳಗೆ ನಡೆಯಲಾಗದೆ ನಿಂತಲ್ಲೇ ನಿಂತಳು. ಮುಬೀನಾ ತಾಯಿ ಮಾಡಿಕೊಟ್ಟ ಚೊಂಗೆ ತಂದಿದ್ದಳು, ಯಶೋಧರಾ ಮಾದಲಿ.

"ಅಕ್ಕೋರ, ಈ ರೊಟ್ಟಿ ಸಿಹಿ ಐತಿ!" ಯಶೋಧರಾ ಚೊಂಗೆ ನೆಕ್ಕಿ ಕೂಗಿದಳು.

"ನೆಕ್ಕಬ್ಯಾಡ ಅದನ್ನ, ಕಡಿ," ಎಂದಳು ಮುಬೀನಾ. "ನಿನ್ನ ಮಾದಲಿ ಬರೇ ಪುಡಿ. ಉಫ್ ಅಂದ್ರ ಹಾರಿ ಹೊಕ್ಕೈತಿ."

ಆದರೆ ಎಲ್ಲರ ಕಣ್ಣು ದ್ಯಾಮೇಶನ ಲಾಡಿಯ ಮೇಲೆ. ನನಗೂ ಬೇಕು, ನನಗೂ ಬೇಕು ಎಂದು ಒಂದಿಬ್ಬರು ಅತ್ತೇ ಬಿಟ್ಟರು. ಅಳುವ ಮಕ್ಕಳು ಮನೆಗೆ ಓಡುತ್ತವೆ. ರಮಜಾನಬಿ ತನ್ನ ಹಳೆಯ ಕೆಂಪು ಸೀರೆ ತರಿಸಿ ಪಟ್ಟಿ ಪಟ್ಟಿಯಾಗಿ ಹರಿದಳು. ಮಕ್ಕಳು ಪಟ್ಟಿಗೆ ಬಣ್ಣದ ಕಾಗದ ಅಂಟಿಸಿದವು, ಚೂರು ಬಟ್ಟೆಗೆ ಗಂಟು ಹಾಕಿ ಜೋಳಿಗೆ ಮಾಡಿಕೊಂಡವು. ಚೊಂಗೆ ಬಿಡಲೊಲ್ಲದ ಮುಬೀನಾ ಒಬ್ಬಳನ್ನು ಬಿಟ್ಟು ಹತ್ತೂ ಫಕೀರರಾದವು.

"ಲಾಡಿ ಹಾಕ್ಕೊಂಡ ಮ್ಯಾಲ ಐದ ಮನಿ ಬೇಡಬೇಕು. ಅಲ್ಲೀತನಕ ಉಣ್ಣಂಗಿಲ್ಲ. ನಮ್ಮಜ್ಜಿ ಹೇಳ್ಯಾಳ," ಎಂದ ದ್ಯಾಮೇಶ.

"ಹೌದೋ ಸ್ವಾಮಿ, ಹೌದು," ಎಂದು ರಮಜಾನಬಿ ನಕ್ಕಳು. ಹಾಗೆನ್ನಬಾರದಿತ್ತು.

ಮಕ್ಕಳ ಫೋಟೊ ಫೋನಿನಿಂದ ಮೇಲಿನ ಕಚೇರಿಗೆ ಕಳಿಸಬೇಕಿತ್ತು, ಒಳಗೆ ನೆಟ್‌ವರ್ಕ್ ಇರಲಿಲ್ಲ. ಅವಳು ಹಿಂದಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದಳು. ಸಹಾಯಕಿ ಸಕ್ರವ್ವ ಅಡುಗೆ ಕೋಣೆಯಲ್ಲಿ ಮೊಟ್ಟೆ ಸುಲಿಯುತ್ತಿದ್ದಳು. ಫೋನಿನ ಪರದೆಯ ಮೇಲೆ ಗಾಲಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೆಳಗಿಳಿದಾಗ ರಮಾಬಾಯಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಮುಬೀನಾ ಒಬ್ಬಳೇ ಕೂತು ಬೆರಳು ನೆಕ್ಕುತ್ತಿದ್ದಳು.

"ಒಂದ?" ಎಂದರು ರಮಾಬಾಯಿ.

"ಇಲ್ರಿ ಮ್ಯಾಡಮ್, ಹನ್ನೊಂದೂ ಬಂದಿದ್ವು. ಖರೇನ, ಫೋಟೊ ನೋಡ್ರಿ..."

"ಫೋಟೊ ಅಲ್ರಿ, ತಲಿ ಎಣಿಸಾಕ ಬಂದೀನಿ."

ಸಕ್ರವ್ವ ಮೊಟ್ಟೆ ಹಿಡಿದ ಕೈಯಲ್ಲೇ ಓಣಿಗೆ ಓಡಿದಳು. ರಮಜಾನಬಿ ಮುಬೀನಾಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಎಲ್ಲಿ ಹೋದ್ವವ್ವಾ?"

"ಬೇಡಾಕ. ಐದ ಮನಿ ಆಗಬೇಕಲ್ರೀ."

ಸಕ್ರವ್ವ ಏದುಸಿರು ಬಿಡುತ್ತ ಮರಳಿದಳು. "ಮೋದಿನಸಾಬರ ಮನ್ಯಾಗ ಹಿಡಿ ಜೋಳ ಹಾಕ್ಯಾರಂತ. ಕಿರಾಣಿ ಅಂಗಡ್ಯಾಗ ಬೆಲ್ಲ ಕೊಟ್ಟಾರಂತ. ಗುಡಿ ಮಗ್ಗಲ ಮುದುಕಿ ದ್ಯಾಮ್ಯಾನ ಕಾಲ ಮುಟ್ಟಿ ನಮಸ್ಕಾರ ಮಾಡ್ಯಾಳಂತ್ರೀ ಅಕ್ಕೋರ. ಆಮ್ಯಾಲ ಯಾರೂ ಕಂಡಿಲ್ಲ."

ಮೂರು ಮನೆ. ರಮಜಾನಬಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಓಣಿಯನ್ನು ನಡೆದಳು. ಗುಡಿಯ ಆಚೆ ಕೀಲಿ ಜಡಿದ ಮನೆ, ಅದರಾಚೆ ಕೀಲಿ, ಮುಳ್ಳುಕಂಟಿ ಹಚ್ಚಿದ ಬಾಗಿಲು, ಮತ್ತೆ ಕೀಲಿ. ತೆರೆದ ನಾಲ್ಕನೆಯ ಬಾಗಿಲು ದಾರಿಯ ಅಂಚಿನ ಪಂಚರ್ ಅಂಗಡಿ. ಐದನೆಯದು ದಾರಿಯಾಚೆ.

"ಒಂದ ತಲಿ ಅಂತ ಬರೀತೀನಿ, ಇಲ್ಲೊಂದ ಸಹಿ ಮಾಡ್ರಿ," ರಮಾಬಾಯಿ ಕಾಗದ ಚಾಚಿದರು. ಅವರ ದನಿಯಲ್ಲಿ ಬಿರುಸಿರಲಿಲ್ಲ. "ಇಲ್ಲಾ, ಅರ್ಧ ತಾಸಿನ್ಯಾಗ ಮಕ್ಕಳ್ನ ಸಾಲಾಗಿ ಕುಂದರಿಸಿ ತೋರಸ್ರಿ. ನಂಗಿನ್ನ ಬೆಳವಣಕಿ ಕೇಂದ್ರಕ್ಕ ಹೋಗೋದೈತಿ. ನೀವು ಇಲ್ಲೇ ಇರ್ರಿ, ಆಕಿ ಹುಡುಕಿ ತರ್ಲಿ. ನೀವ ಹೊರಗ ಹೋದ್ರ ಕೇಂದ್ರ ಬಿಟ್ಟ ಹೋದ್ರು ಅಂತ ಬರೀಬೇಕಾಗತೈತಿ."

ಸಕ್ರವ್ವನಿಗೆ ಮೊಣಕಾಲು ನೋವು. ಗುಡಿಯವರೆಗೆ ಓಡಿದ್ದೇ ಹೆಚ್ಚು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ರಮಜಾನಬಿ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಮೇಜಿನ ಮೇಲಿಟ್ಟಳು. "ಒಂದ ಅಂತ ಬರಕೊಳ್ರಿ ಮ್ಯಾಡಮ್," ಎಂದಳು. ಆಗಲೇ ಹೊಸ್ತಿಲು ದಾಟಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಬಿಟ್ಟ ಹೋದ್ಲು ಅಂತನೂ ಬರಕೊಳ್ರಿ. ಆ ಹುಡುಗ ಐದ ಆಗೂತನಕ ನಿಂದರಾಂವಲ್ಲ, ನಾ ಮೊದ್ಲ ಹೋಗಿ ಆ ದಾರೀ ಅಂಚಿನ್ಯಾಗ ಅವನ್ನ ಹಿಡೀಬೇಕು."