ಗಾಳಿಗೆ ಸಿಕ್ಕಿ ತಡವಾದ ಮತಗಳು

ನಮ್ಮ ಗ್ರುಟ್‌ವಿಕ್‌ನಲ್ಲಿ ಮಾಂಸದ ಅಂಗಡಿ ಎಂದರೆ ಓಸ್ಲಾ ಹಾಲ್ಕ್ರೋಳ ಅಂಗಡಿ. ಮೊದಲು ಅಂಗಡಿ ನಡೆಸುತ್ತಿದ್ದ ಅವಳ ಅಪ್ಪನ ಬಲಗೈ ದೋಣಿಯ ಹಗ್ಗಕ್ಕೆ ಸಿಕ್ಕಿ ಹಾಳಾದಾಗ ಅವಳಿಗೆ ಹತ್ತೊಂಬತ್ತು. ತಮ್ಮ ಲೌರಿ ಇನ್ನೂ ಶಾಲೆಯ ಹುಡುಗ. ಅವಳೇ ಏಪ್ರನ್ ಕಟ್ಟಿಕೊಂಡು ಅಂಗಡಿಯ ಕಟ್ಟೆಯ ಹಿಂದೆ ನಿಂತಳು. ಹುಡುಗಿಯೊಬ್ಬಳು ಇಡೀ ಕುರಿ ಕಡಿಯುವುದನ್ನು ನೋಡಲು ಮೊದಲ ವಾರ ಊರ ಗಂಡಸರೆಲ್ಲ ಬಾಗಿಲಲ್ಲಿ ನೆರೆದರು. ಓಸ್ಲಾ ತಲೆ ಎತ್ತದೆಯೇ, "ನೋಡೋಕೆ ಬಂದೋರು ಹೊರಗಿರಿ, ಕೊಳ್ಳೋರು ಒಳಗೆ ಬನ್ನಿ" ಅಂದಳಂತೆ. ನಮ್ಮ ಶೆಟ್ಲೆಂಡ್ ದ್ವೀಪಗಳ ಚಳಿಯಲ್ಲಿ ಹೊರಗೆ ನಿಲ್ಲಲಾರದೆ ಎಲ್ಲರೂ ಏನಾದರೊಂದು ಕೊಂಡುಕೊಂಡೇ ಮನೆಗೆ ಹೋದರು.

ಮಾಂಸ ಗಟ್ಟಿಯಿದ್ದರೆ ಗಟ್ಟಿ ಎಂದು ಹೇಳಿಯೇ ಕೊಡುವ ಹೆಂಗಸು ಅವಳು. ನಮ್ಮ ದೋಣಿ ಕ್ಲಬ್ಬಿನ ಪದಾಧಿಕಾರಿಗಳ ಚುನಾವಣೆ ನಡೆಸುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದೂ ಅದಕ್ಕೇ. ಸದಸ್ಯರು ಮತಪತ್ರವನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಬಂದ ಕವರುಗಳು ಬೀಗ ಹಾಕಿದ ಪೆಟ್ಟಿಗೆಗೆ ಬೀಳುತ್ತಿದ್ದವು. ಮಾರ್ಚ್ ತಿಂಗಳ ಒಂದು ಶುಕ್ರವಾರ ಸಂಜೆ ಎಣಿಕೆ. ಹೆಚ್ಚಿನ ವರ್ಷ ಒಂದು ಸ್ಥಾನಕ್ಕೆ ಒಬ್ಬರೇ ನಿಲ್ಲುತ್ತಿದ್ದುದರಿಂದ ಎಣಿಕೆಗಿಂತ ಚಹಾಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಆ ವರ್ಷ ಹಾಗಾಗಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಒಂದು ಕಡೆ ಅವಳ ತಮ್ಮ ಲೌರಿ ನಿಂತ. ಸಾಲ್ಮನ್ ಮೀನು ಸಾಕುವ ಕಡೆ ಕೆಲಸ, ಊರಿಗೆಲ್ಲ ಬೇಕಾದವನು. ಇನ್ನೊಂದು ಕಡೆ ಶಾಲೆಯ ಅಡುಗೆಯವಳಾದ ಇಂಗಾ ಮೋವಟ್. ಬೇಸಿಗೆಯ ದೋಣಿ ಪಂದ್ಯ ಯಾವಾಗಲೂ ಗ್ರುಟ್‌ವಿಕ್‌ನಲ್ಲೇ ಆಗಬೇಕು ಎನ್ನುವವನು ಲೌರಿ. ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಸ್ಟೂರಾ ದ್ವೀಪದಲ್ಲಿ ಎನ್ನುವವಳು ಇಂಗಾ. ಸ್ಟೂರಾದವರೂ ನಮ್ಮ ಸದಸ್ಯರೇ. ವರ್ಷವೂ ದೋಣಿ ಹೇರಿಕೊಂಡು ಇಲ್ಲಿಗೆ ಬಂದು ಬಂದು ಅವರಿಗೆ ಸಾಕಾಗಿತ್ತು. ಅವರ ಮತ ಯಾರಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಎಣಿಕೆಯ ವಾರ ಬುಧವಾರದಿಂದಲೇ ಗಾಳಿ ಎದ್ದಿತು. ಸ್ಟೂರಾಕ್ಕೆ ಹೋಗಿಬರುವ ಬೋಟು ನಮ್ಮ ದಡ ಬಿಟ್ಟು ಹೊರಡಲಿಲ್ಲ, ಬೋಟಿಲ್ಲದೆ ಅಂಚೆ ಚೀಲವೂ ಇಲ್ಲ. ಶುಕ್ರವಾರ ಸಂಜೆ ನಾವೆಲ್ಲ ಕ್ಲಬ್ಬಿನಲ್ಲಿ ಸೇರಿದೆವು. ದ್ವೀಪದ ಒಂದು ಕವರೂ ಬಂದಿರಲಿಲ್ಲ. ಓಸ್ಲಾ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಕೈಯೂರಿ ನಿಂತಳು.

"ಇದನ್ನ ತೆಗೆಯೋಕೆ ಮುಂಚೆ ಒಂದು ಮಾತು. ಸ್ಟೂರಾದೋರ ಮತ ಗಾಳಿಗೆ ಸಿಕ್ಕಿಹಾಕ್ಕೊಂಡಿದೆ."

"ನಿಯಮ ಏನು ಹೇಳುತ್ತೆ ಅಕ್ಕಾ?" ಅಂದ ಲೌರಿ.

"ಇವತ್ತು ಸಂಜೆಯೊಳಗೆ ಕೈಸೇರಬೇಕು ಅನ್ನುತ್ತೆ. ಅದನ್ನ ಬದಲಾಯಿಸೋ ಹಕ್ಕು ನನಗಿಲ್ಲ. ನೀವು ನಿಂತಿರೋ ಇಬ್ಬರೂ, ಇಲ್ಲಿ ಕೂತಿರೋರೂ ಒಪ್ಪಿದ್ರೆ ಬೋಟು ಬರೋವರೆಗೆ ಕಾಯ್ತೀನಿ. ಇವತ್ತಿನೊಳಗೆ ಅಂಚೆ ಮುದ್ರೆ ಬಿದ್ದಿರೋ ಕವರು ಮಾತ್ರ ಸೇರುತ್ತೆ. ಒಬ್ಬರು ಬೇಡ ಅಂದ್ರೂ ಈಗಲೇ ಎಣಿಸ್ತೀನಿ."

"ಮೊದಲು ಎಣಿಸೋಣ, ಆಮೇಲೆ ನೋಡೋಣ" ಎಂದು ಹಿಂದಿನಿಂದ ಯಾರೋ ಕೂಗಿದರು.

"ಎಣಿಸಿದ ಮೇಲೆ ಯಾರಿಗೆ ಲಾಭ ಅಂತ ಎಲ್ಲರಿಗೂ ಗೊತ್ತಾಗಿರುತ್ತೆ. ಆಗ ನ್ಯಾಯ ಯಾವುದು ಅಂತ ಯಾರು ನೋಡ್ತಾರೆ? ಹೇಳೋದಿದ್ರೆ ಈಗ ಹೇಳಿ."

ಇಂಗಾ ಕೂಡಲೇ ಒಪ್ಪಿದಳು. ಅವಳಿಗೇನು ಕಷ್ಟ! ಎಲ್ಲರ ಕಣ್ಣೂ ಲೌರಿಯ ಮೇಲೆ ನಿಂತಿತು. ಅವನು ಟೊಪ್ಪಿಯನ್ನು ಕೈಯಲ್ಲಿ ತಿರುವತೊಡಗಿದ. ಆಗ ಬೋಟಿನ ಕ್ಯಾಪ್ಟನ್, "ಈ ಸಲ ಗಾಳೀನೇ ನಿನ್ನ ಪರ ಪ್ರಚಾರಕ್ಕೆ ನಿಂತಿದೆ ಕಣೋ ಲೌರಿ!" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಲೌರಿಯ ಮುಖ ಕೆಂಪಾಯಿತು.

"ಕಾಯಿ ಅಕ್ಕಾ. ಬಿರುಗಾಳಿ ದಯದಿಂದ ಗೆದ್ದ ಅನ್ನಿಸಿಕೊಳ್ಳೋಕೆ ನನಗೂ ಇಷ್ಟ ಇಲ್ಲ."

ಕೂತಿದ್ದವರೆಲ್ಲ ಕೈ ಎತ್ತಿದರು. ಪೆಟ್ಟಿಗೆಗೆ ಇನ್ನೆರಡು ಬೀಗ ಬಿತ್ತು. ಒಂದರ ಕೀಲಿ ಲೌರಿಗೆ, ಇನ್ನೊಂದರದು ಇಂಗಾಗೆ. ಪೆಟ್ಟಿಗೆ ಓಸ್ಲಾಳ ಅಂಗಡಿಯ ಶೀತಲ ಕೋಣೆಗೆ ಹೋಗಿ, ನೇತುಹಾಕಿದ ಕುರಿಗಳ ನಡುವೆ ಕೂತಿತು. ಶನಿವಾರ ಅಂಗಡಿಗೆ ಬಂದವರೆಲ್ಲ, "ಅಧ್ಯಕ್ಷರು ಕೆಟ್ಟಿಲ್ಲ ತಾನೆ?" ಎಂದು ಕೇಳಿದ್ದೇ ಕೇಳಿದ್ದು.

ಮಂಗಳವಾರ ಕಡಲು ತಣ್ಣಗಾಗಿ ಬೋಟು ಬಂತು. ಓಸ್ಲಾ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಸ್ಟೂರಾದ ಕವರುಗಳನ್ನು ಒಂದೊಂದಾಗಿ ಎತ್ತಿ ಮುದ್ರೆ ತೋರಿಸಿದಳು. ಎಲ್ಲ ಬುಧವಾರದ್ದೋ ಗುರುವಾರದ್ದೋ. ಕೊನೆಯದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಅದರ ಮುದ್ರೆ ಶನಿವಾರದ್ದು. ಹಿಂಬದಿಯ ಹೆಸರು ಜೆಮಿಮಾ ಲೀಸ್ಕ್. ಓಸ್ಲಾ, ಲೌರಿ ಇಬ್ಬರನ್ನೂ ತಾಯಿ ಸತ್ತ ಮೇಲೆ ಬೆಳೆಸಿದ ಚಿಕ್ಕಮ್ಮ.

"ಇದು ಸೇರಲ್ಲ" ಎಂದು ಓಸ್ಲಾ ಪಕ್ಕಕ್ಕಿಟ್ಟಳು.

ಲೌರಿ ಎದ್ದು ನಿಂತ. "ಚಿಕ್ಕಮ್ಮಂದು ಅದು!"

"ಕಣ್ಣು ಕಾಣುತ್ತೆ ನನಗೆ."

"ಶುಕ್ರವಾರ ಹಾಕಿದ್ರೂ ಇದೇ ಬೋಟಲ್ಲಿ ತಾನೆ ಬರ್ತಿದ್ದಿದ್ದು? ಒಂದು ದಿನದಿಂದ ಏನು ಕೆಡುತ್ತೆ?"

"ಇದೇ ಬೋಟಲ್ಲೇ ಬರ್ತಿತ್ತು. ಆದ್ರೆ ಶುಕ್ರವಾರ ಹಾಕಲಿಲ್ಲ. ನಾವು ಒಪ್ಪಿದ್ದು ಏನು, ನೀನೇ ಹೇಳು."

"ಸೇರ್ಲಿ ಬಿಡಿ, ನನ್ನ ಅಭ್ಯಂತರ ಇಲ್ಲ" ಎಂದು ಇಂಗಾ ಮೆಲ್ಲಗೆ ಹೇಳಿದಳು.

"ನನ್ನದಿದೆ" ಅಂದಳು ಓಸ್ಲಾ. "ಶುಕ್ರವಾರ ಅಷ್ಟು ಜನ ಕೈ ಎತ್ತಿದ್ರು. ಅದನ್ನ ಇವತ್ತು ನಾವು ಮೂವರು ಕೂತು ತಿದ್ದೋಕಾಗಲ್ಲ."

ಎಣಿಕೆ ನಡೆಯಿತು. ಇಂಗಾ ಗೆದ್ದಳು, ಒಂದೇ ಒಂದು ಮತದಿಂದ. ಲೌರಿ ಅವಳ ಕೈ ಕುಲುಕಿದ. ಅಕ್ಕನ ಕಡೆ ತಿರುಗಿ ನೋಡದೆ ಹೊರಟುಹೋದ. ಅಂದಿನಿಂದ ಅವನ ಮನೆಗೆ ಮಾಂಸ ಪೇಟೆಯಿಂದ ಬರತೊಡಗಿತು. ಊರಲ್ಲಿ ಅರ್ಧ ಜನ ಓಸ್ಲಾಳನ್ನು ಕಲ್ಲೆದೆಯವಳು ಅಂದರು. ಆ ದಿನಗಳಲ್ಲಿ ಅವಳ ಕತ್ತಿ ಹಲಗೆಯ ಮೇಲೆ ಬೀಳುವ ಸದ್ದು ಎಂದಿಗಿಂತ ಜೋರಾಗಿತ್ತು ಎಂದು ಪಕ್ಕದ ಮನೆಯವಳಾದ ನಾನು ಬಲ್ಲೆ.

ಮುಂದಿನ ಭಾನುವಾರ ಅವಳು ಆ ಕವರನ್ನು ಕೈಚೀಲದಲ್ಲಿಟ್ಟುಕೊಂಡು ಸ್ಟೂರಾಕ್ಕೆ ಹೊರಟಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಜೆಮಿಮಾ ಒಲೆಯ ಮುಂದೆ ಹೆಣೆಯುತ್ತಾ ಕೂತಿದ್ದಳು.

"ಇದನ್ನ ನಾನು ಸೇರಿಸಲಿಲ್ಲ ಚಿಕ್ಕಮ್ಮ. ಒಡೆದೂ ಇಲ್ಲ. ನಿನಗೆ ಎದುರಿಗೇ ಹೇಳಬೇಕು ಅಂತ ಬಂದೆ."

ಮುದುಕಿ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯೇ? ವಾರವೆಲ್ಲ ಇದು ಗಡಿಯಾರದ ಹಿಂದೆ ಬಿದ್ದಿತ್ತು. ಬೇರೆಯೋರದ್ದು ಗಾಳಿಯಿಂದ ತಡ ಆಯ್ತು. ನಂದು ನನ್ನ ಸೋಮಾರಿತನದಿಂದ. ನೀನು ಎರಡನ್ನೂ ಒಂದೇ ತಕ್ಕಡೀಲಿ ತೂಗಿದ್ದಿದ್ರೆ ನಿನ್ನನ್ನ ಇನ್ನೂ ಚೆನ್ನಾಗಿ ಬೆಳೆಸಬೇಕಿತ್ತು ಅಂದ್ಕೊಳ್ತಿದ್ದೆ."

ಅಷ್ಟು ಹೇಳಿ ಕವರನ್ನು ಹಾಗೇ ಒಲೆಗೆ ಹಾಕಿದಳು. ಯಾರಿಗೆ ಮತ ಕೊಟ್ಟಿದ್ದಳೆಂದು ಓಸ್ಲಾ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಮಗೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಟ್ಟಳು. ನಾವು ಹೊರಡುವ ಮುಂಚೆ ಲೌರಿಗೆ ಫೋನು ಮಾಡಿ ಅವನಿಗೆ ಏನು ಮಂಗಳಾರತಿ ಎತ್ತಿದಳೋ, ಅರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ಅಷ್ಟೇ ಸಾಕಾಗಿತ್ತು.

ಲೌರಿ ಮಾರನೆಯ ದಿನವೇನೂ ಓಡಿಬರಲಿಲ್ಲ. ಮೇ ತಿಂಗಳಲ್ಲಿ ಒಮ್ಮೆ ಅಂಗಡಿಗೆ ಬಂದು ಅರ್ಧ ಕಿಲೋ ಸಾಸೇಜ್ ಕೇಳಿದ. "ಪೇಟೆ ಸಾಸೇಜು ಮರದ ಪುಡಿ ಇದ್ದ ಹಾಗಿದೆ" ಅಂದ. "ಗೊತ್ತು" ಎಂದು ಅವಳು ತೂಕಕ್ಕಿಂತ ಎರಡು ಹೆಚ್ಚು ಹಾಕಿದಳು.

ಆ ಶರತ್ಕಾಲದ ಸಭೆಯಲ್ಲಿ, ಬೋಟು ನಿಂತರೆ ಮುದ್ರೆಯ ದಿನವೇ ಲೆಕ್ಕ ಎಂಬ ಹೊಸ ನಿಯಮ ಬಂತು. ಅದನ್ನು ಮಂಡಿಸಿದವನು ಲೌರಿ. ಒಂದು ಮತವೂ ವಿರುದ್ಧ ಬೀಳಲಿಲ್ಲ. ಮುಂದಿನ ಚುನಾವಣೆ ಯಾರು ನಡೆಸಬೇಕೆಂಬ ಮಾತು ಬಂದಾಗ, ಓಸ್ಲಾ ಯಾರಾದರೂ ಕೇಳುವುದಕ್ಕೂ ಕಾಯದೆ ಪೆಟ್ಟಿಗೆಯ ಕೀಲಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು.